ಘಾಟಿಯ ಸುಂಕದಿಂದ ಇಟಲಿಯ ಕಿರೀಟಕ್ಕೆ: ಸವಾಯ್ ಡಚಿಯ ಬೆಳವಣಿಗೆ

ಇಟಲಿಯ ಏಕೀಕರಣವನ್ನು ವಿವರಿಸುವ ಶಾಲಾ ಪಠ್ಯಗಳು ಮ್ಯಾಝಿನಿ, ಕವೂರ್, ಗ್ಯಾರಿಬಾಲ್ಡಿ ಎಂಬ ಮೂವರ ಹೆಸರಿನ ಜೊತೆಗೆ ಸಾರ್ಡಿನಿಯಾ ಎಂಬ ರಾಜ್ಯವನ್ನೂ ಹೆಸರಿಸುತ್ತವೆ; ಆದರೆ ದ್ವೀಪವೊಂದರ ಹೆಸರು ಹೊತ್ತ ಆ ರಾಜ್ಯದ ರಾಜಧಾನಿ ಆಲ್ಪ್ಸ್ ಪರ್ವತದ ಬುಡದಲ್ಲಿರುವ ಟ್ಯೂರಿನ್ ನಗರವಾಗಿದ್ದುದು ಏಕೆ, ಅಲ್ಲಿನ ಅರಮನೆಯಲ್ಲಿ ಇಟಾಲಿಯನ್ನಿಗಿಂತ ಫ್ರೆಂಚ್ ಹೆಚ್ಚು ಕೇಳಿಬರುತ್ತಿದ್ದುದು ಏಕೆ ಎಂಬ ಪ್ರಶ್ನೆಗಳನ್ನು ಅವು ಎತ್ತುವುದಿಲ್ಲ. ಉತ್ತರ ಸವಾಯ್ ಎಂಬ ಮನೆತನದ ಎಂಟು ಶತಮಾನಗಳ ಇತಿಹಾಸದಲ್ಲಿದೆ. ಇಂದಿನ ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಸ್ವಿಟ್ಸರ್ಲೆಂಡಿಗೂ ಇಟಲಿಗೂ ತಾಗಿಕೊಂಡಿರುವ ಸವಾಯ್ ಎಂಬ ಬೆಟ್ಟದ ಸೀಮೆಯ ಮಾಂಡಲಿಕರಾಗಿ ಹೊರಟ ಈ ಮನೆತನದವರು ರಣರಂಗದಲ್ಲಿ ಗೆದ್ದದ್ದಕ್ಕಿಂತ ಸಂಧಾನದ ಮೇಜಿನ ಮೇಲೆ ಗಳಿಸಿದ್ದೇ ಹೆಚ್ಚು. ಹಾಗೆ ಗಳಿಸಲು ಅವರ ಕೈಯಲ್ಲಿದ್ದ ಮುಖ್ಯ ಸರಕೆಂದರೆ ಪರ್ವತದ ದಾರಿಗಳು.

ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಬದುಕಿದ್ದ ಉಂಬೆರ್ತೊ ಎಂಬ ಕೌಂಟ್ ಈ ಮನೆತನದ ಮೂಲಪುರುಷ. ಕೌಂಟ್ ಎಂದರೆ ಜರ್ಮನ್ ಚಕ್ರವರ್ತಿಯ ಅಧೀನದಲ್ಲಿ ಒಂದು ಸೀಮೆಯನ್ನು ಆಳುವ ಪ್ರಭು. ಡ್ಯೂಕ್ ಅವನಿಗಿಂತ ಮೇಲಿನ ದರ್ಜೆಯವನು, ಅವನ ಸೀಮೆಗೆ ಡಚಿ ಎಂದು ಹೆಸರು. ಉಂಬೆರ್ತೊನ ಮಗ ಒದ್ದೊ ಪರ್ವತದ ಆಚೆ ಬದಿಯ ಟ್ಯೂರಿನ್ ಸೀಮೆಯ ಉತ್ತರಾಧಿಕಾರಿಣಿ ಅದೆಲೈದೆಯನ್ನು ಮದುವೆಯಾದಾಗ, ಘಾಟಿಯ ಎರಡೂ ತುದಿಗಳ ಮೇಲೆ ಒಂದೇ ಮನೆತನಕ್ಕೆ ಹಕ್ಕು ಬಂತು. ಮೊಂ ಸೆನಿ, ದೊಡ್ಡ ಸಂತ ಬರ್ನಾರ್ಡ್, ಚಿಕ್ಕ ಸಂತ ಬರ್ನಾರ್ಡ್ ಎಂಬ ಮೂರು ಘಾಟಿಗಳು ಹೀಗೆ ಅವರ ಹಿಡಿತಕ್ಕೆ ಬಂದುವು. ರೋಮಿಗೆ ಹೊರಟ ಯಾತ್ರಿಕರು, ಫ್ಲಾಂಡರ್ಸ್‌ನ ಉಣ್ಣೆಬಟ್ಟೆ ತರುವ ವರ್ತಕರು, ಪಟ್ಟಾಭಿಷೇಕಕ್ಕೆ ಹೋಗುವ ಚಕ್ರವರ್ತಿಗಳು, ದಂಡೆತ್ತಿ ಬರುವ ಸೇನೆಗಳು, ಎಲ್ಲರೂ ಈ ದಾರಿಗಳಲ್ಲಿ ಹಾಯಬೇಕಾಗಿದ್ದುದರಿಂದ ಕೌಂಟನ ಸುಂಕದ ಕಟ್ಟೆಗಳು ಬರಿದಾಗುತ್ತಿರಲಿಲ್ಲ. ಈ ಅರಸರನ್ನು ಆಲ್ಪ್ಸ್‌ನ ದ್ವಾರಪಾಲಕರೆಂದು ಯುರೋಪು ಕರೆದದ್ದು ಸುಮ್ಮನೆ ಅಲ್ಲ.

ಈ ದಾರಿಗಳಲ್ಲಿ ಗಾಡಿ ಓಡುತ್ತಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಹದಿನೆಂಟನೆಯ ಶತಮಾನದಲ್ಲಿ ಕೂಡ ಮೊಂ ಸೆನಿ ದಾಟುವ ಸಿರಿವಂತರು ಲಾನ್‌ಸ್ಲೆಬೂರ್ ಎಂಬ ಹಳ್ಳಿಯಲ್ಲಿ ತಮ್ಮ ಸಾರೋಟಿನಿಂದ ಇಳಿಯುತ್ತಿದ್ದರು. ಅಲ್ಲಿನ ಕೂಲಿಗಳು ಗಾಲಿ, ಅಚ್ಚು, ಪೆಟ್ಟಿಗೆಗಳನ್ನು ಬೇರೆ ಬೇರೆ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು, ಪ್ರಯಾಣಿಕನನ್ನು ಕೋಲುಗಳಿಗೆ ಬಿಗಿದ ಹುಲ್ಲಿನ ಕುರ್ಚಿಯಲ್ಲಿ ಕೂರಿಸಿ ಪಾಳಿಯ ಮೇಲೆ ಹೆಗಲು ಬದಲಿಸುತ್ತ ಮೇಲಕ್ಕೆ ಹೊತ್ತೊಯ್ಯುತ್ತಿದ್ದರು, ಆಚೆ ಬದಿಯ ನೊವಲೇಸದಲ್ಲಿ ಸಾರೋಟನ್ನು ಮತ್ತೆ ಜೋಡಿಸಿ ಕೊಡುತ್ತಿದ್ದರು. 1739ರಲ್ಲಿ ಹೀಗೆ ದಾಟಿದ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್‌ನ ಮುದ್ದಿನ ನಾಯಿಯನ್ನು ಹಾಡಹಗಲೇ ತೋಳವೊಂದು ಎತ್ತಿಕೊಂಡು ಹೋಯಿತು. ಬೆಟ್ಟದ ಬಡ ಹಳ್ಳಿಗಳ ಕಸುಬೇ ಹೊರುವುದಾಗಿತ್ತು, ಅರಮನೆಯ ಕಸುಬು ಹೊರುವ ದಾರಿಯನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂದು ತೀರ್ಮಾನಿಸುವುದಾಗಿತ್ತು.

ಮೊದಲ ನಾಲ್ಕು ಶತಮಾನಗಳಲ್ಲಿ ಸೀಮೆ ಬೆಳೆದದ್ದು ಮದುವೆ, ಉತ್ತರಾಧಿಕಾರ, ಖರೀದಿಗಳಿಂದ, ಅಂದಿನ ಯಾವುದೇ ಪ್ರಭುಮನೆತನ ಬೆಳೆಯುತ್ತಿದ್ದ ಬಗೆಯಲ್ಲೇ. 1388ರಲ್ಲಿ ನೀಸ್ ಪಟ್ಟಣ ತಾನಾಗಿ ಸವಾಯ್‌ನ ಆಶ್ರಯಕ್ಕೆ ಬಂದಾಗ ಬೆಟ್ಟದವರಿಗೆ ಮೊದಲ ಬಾರಿ ಸಮುದ್ರ ಸಿಕ್ಕಿತು. 1416ರಲ್ಲಿ ಚಕ್ರವರ್ತಿ ಸಿಗಿಸ್ಮಂಡ್ ಶಾಂಬೆರಿ ಪಟ್ಟಣಕ್ಕೆ ಬಂದು ಎಂಟನೆಯ ಅಮೆದೆಯೊನನ್ನು ಡ್ಯೂಕ್ ಪದವಿಗೆ ಏರಿಸಿದ. ಈ ಅಮೆದೆಯೊ 1430ರಲ್ಲಿ ತನ್ನ ಸೀಮೆಗಳಿಗೆಲ್ಲ ಒಂದು ಕಾನೂನು ಸಂಹಿತೆ ಹೊರಡಿಸಿದ ಸಮರ್ಥ. ಆಮೇಲೆ ಆಳ್ವಿಕೆಯಿಂದ ಹಿಂದೆ ಸರಿದು ಸರೋವರದ ದಂಡೆಯಲ್ಲಿ ವಾನಪ್ರಸ್ಥ ನಡೆಸುತ್ತಿದ್ದವನನ್ನು, ರೋಮಿನ ಪೋಪನೊಡನೆ ಜಗಳವಾಡಿಕೊಂಡಿದ್ದ ಬಾಸೆಲ್ ಧರ್ಮಸಭೆ 1439ರಲ್ಲಿ ಎದುರು ಪೋಪನನ್ನಾಗಿ ಆರಿಸಿತು. ಹತ್ತು ವರ್ಷ ಆ ಹುದ್ದೆಯಲ್ಲಿದ್ದು, ಅದನ್ನೂ ಲಾಭಕರ ಷರತ್ತುಗಳ ಮೇಲೆ ಬಿಟ್ಟುಕೊಟ್ಟ.

ಅವನ ನಂತರದ ನೂರು ವರ್ಷ ಅವನತಿಯದು. ದ್ವಾರಪಾಲಕನ ಸ್ಥಾನ ಲಾಭದಾಯಕವಾಗುವುದು ಬಾಗಿಲಿನ ಎರಡೂ ಬದಿಯವರು ಬಲದಲ್ಲಿ ಸರಿಸಮ ಇದ್ದಾಗ ಮಾತ್ರ. ಒಬ್ಬನು ಬಲಿತರೆ ಅವನು ದ್ವಾರಪಾಲಕನನ್ನು ತಳ್ಳಿಕೊಂಡೇ ಒಳಗೆ ನುಗ್ಗುತ್ತಾನೆ. ಮಿಲಾನಿನ ಮೇಲೆ ಕಣ್ಣಿಟ್ಟಿದ್ದ ಫ್ರಾನ್ಸಿನ ಒಂದನೆಯ ಫ್ರಾನ್ಸಿಸ್ 1536ರಲ್ಲಿ ಮಾಡಿದ್ದು ಇದನ್ನೇ. ಸವಾಯ್ ಸೀಮೆಯನ್ನೂ ಪೀಡ್‌ಮಾಂಟ್‌ನ, ಎಂದರೆ ಆಲ್ಪ್ಸ್‌ನ ಪೂರ್ವದ ಬುಡದಲ್ಲಿ ಟ್ಯೂರಿನ್ ಸುತ್ತ ಹರಡಿದ ಬಯಲುಸೀಮೆಯ, ಬಹುಭಾಗವನ್ನೂ ಫ್ರೆಂಚರು ಹಿಡಿದರು. ಅದೇ ವರ್ಷ ಬರ್ನ್ ನಗರದ ಸ್ವಿಸ್ಸರು ಜಿನೀವಾ ಸರೋವರದ ಉತ್ತರದ ವೋ ಸೀಮೆಯನ್ನು ಕಿತ್ತುಕೊಂಡರು. ಮೂರನೆಯ ಕಾರ್ಲೊ ಡ್ಯೂಕ್ 1553ರಲ್ಲಿ ಸಾಯುವ ಹೊತ್ತಿಗೆ ಅವನ ಕೈಯಲ್ಲಿ ನೀಸ್, ವೆರ್ಚೆಲ್ಲಿಯಂಥ ಕೆಲವು ಚೂರುಗಳಷ್ಟೇ ಉಳಿದಿದ್ದುವು.

ಮಗ ಎಮಾನುಯೆಲೆ ಫಿಲಿಬೆರ್ತೊ ಪಿತ್ರಾರ್ಜಿತವೇ ಇಲ್ಲದ ಡ್ಯೂಕ್. ಸ್ಪೇನಿನ ಸೇವೆಗೆ ಸೇರಿ ದಂಡನಾಯಕನಾದ ಅವನು 1557ರ ಆಗಸ್ಟ್ 10ರಂದು ಸಾನ್ ಕ್ವೆಂಟಿನ್‌ನಲ್ಲಿ ಫ್ರೆಂಚ್ ಸೇನೆಯನ್ನು ಬಗ್ಗುಬಡಿದ. ಆ ಗೆಲುವಿನ ಪ್ರತಿಫಲವಾಗಿ 1559ರ ಕಾತೊ-ಕಾಂಬ್ರೇಸಿ ಶಾಂತಿ ಒಪ್ಪಂದದಲ್ಲಿ ತಂದೆ ಕಳೆದುಕೊಂಡಿದ್ದ ಸೀಮೆಗಳಲ್ಲಿ ಹೆಚ್ಚಿನವು ಮರಳಿದುವು. ಒಪ್ಪಂದದ ಅಂಗವಾಗಿ ಅವನು ಫ್ರೆಂಚ್ ರಾಜ ಎರಡನೆಯ ಹೆನ್ರಿಯ ತಂಗಿ ಮಾರ್ಗರೆಟ್‌ಳನ್ನು ಮದುವೆಯಾಗಬೇಕಿತ್ತು. ಸಂಭ್ರಮದ ಪಂದ್ಯದಲ್ಲಿ ಈಟಿಯ ಚೂರು ಕಣ್ಣಿಗೆ ನೆಟ್ಟು ಹೆನ್ರಿ ಮರಣಶಯ್ಯೆಯಲ್ಲಿದ್ದಾಗ ಆತುರಾತುರವಾಗಿ ಆ ಮದುವೆ ನಡೆಯಿತು. ವಧುವಿಗೆ ಆಗ 36 ವರ್ಷ. ಆದ್ದರಿಂದ ಡಚಿಗೆ ಉತ್ತರಾಧಿಕಾರಿ ಹುಟ್ಟಲಾರನೆಂದೇ ಪ್ಯಾರಿಸ್ಸಿನಲ್ಲಿ ಲೆಕ್ಕ ಹಾಕಿದ್ದರು. 1562ರಲ್ಲಿ ಗಂಡು ಹುಟ್ಟಿತು.

ಫ್ರೆಂಚ್ ಪಡೆ ಟ್ಯೂರಿನ್ ಬಿಟ್ಟ ಮೇಲೆ, 1563ರಲ್ಲಿ, ಡ್ಯೂಕ್ ತನ್ನ ರಾಜಧಾನಿಯನ್ನು ಶಾಂಬೆರಿಯಿಂದ ಪರ್ವತದ ಆಚೆಗೆ, ಟ್ಯೂರಿನ್‌ಗೆ ಸಾಗಿಸಿದ. ಈ ಮನೆತನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ಶಾಂಬೆರಿ ಫ್ರೆಂಚ್ ಗಡಿಗೆ ತೀರ ಹತ್ತಿರ, ಯಾವಾಗ ಬೇಕಾದರೂ ಕೈತಪ್ಪುವಂಥದು. ಟ್ಯೂರಿನ್‌ಗೆ ಪರ್ವತವೇ ಕೋಟೆಗೋಡೆ. ಪಶ್ಚಿಮದಲ್ಲಿ ಫ್ರಾನ್ಸ್ ಬಲಿಯುತ್ತ ಹೋದಂತೆ ಅತ್ತ ಹಬ್ಬುವ ದಾರಿ ಮುಚ್ಚಿತ್ತು, ಪೂರ್ವದಲ್ಲಾದರೋ ಇಟಲಿ ಚೂರುಚೂರಾಗಿ ಬಿದ್ದಿತ್ತು. ಡ್ಯೂಕ್ 1564ರಲ್ಲಿ ಟ್ಯೂರಿನ್‌ನ ಅಂಚಿನಲ್ಲಿ ಪಂಚಕೋನದ ದುರ್ಗವೊಂದನ್ನು ಕಟ್ಟಿಸಲು ಆರಂಭಿಸಿದ. ಕೋರ್ಟು ಕಚೇರಿಗಳಲ್ಲಿ ಲ್ಯಾಟಿನ್ ಬದಲಿಗೆ ಪೀಡ್‌ಮಾಂಟ್‌ನಲ್ಲಿ ಇಟಾಲಿಯನ್ ಮತ್ತು ಸವಾಯ್‌ನಲ್ಲಿ ಫ್ರೆಂಚ್ ಬಳಸಬೇಕೆಂದು ಆಜ್ಞಾಪಿಸಿದ. ಪಾದ್ರಿಗಳು, ಕುಲೀನರು, ಪಟ್ಟಣಿಗರು ಕೂಡಿ ತೆರಿಗೆಗೆ ಒಪ್ಪಿಗೆ ಕೊಡುತ್ತಿದ್ದ ಹಳೆಯ ಪ್ರತಿನಿಧಿಸಭೆಯನ್ನು 1560ರಲ್ಲಿ ಕೊನೆಯ ಬಾರಿ ಕರೆದು, ಆಮೇಲೆ ಅದನ್ನು ಸದ್ದಿಲ್ಲದೆ ಮರೆತುಬಿಟ್ಟ. ಉಪ್ಪಿನ ಮೇಲೆ ಹೇರಿದ ಕರ ಹಾಗೂ ಕೂಲಿ ಸಿಪಾಯಿಗಳ ಬದಲು ಊರೂರುಗಳಿಂದ ಆಯ್ದು ತರಬೇತಿ ಕೊಟ್ಟ ರೈತಪಡೆ, ಇವೆರಡೂ ಅವನ ಕಾಲದವೇ. ಏಸುವಿನ ಶವವಸ್ತ್ರವೆಂದು ನಂಬಲಾದ, ಮನೆತನದ ಆಸ್ತಿಯಾಗಿದ್ದ ಬಟ್ಟೆಯನ್ನು ಅವನು 1578ರಲ್ಲಿ ಶಾಂಬೆರಿಯಿಂದ ತರಿಸಿಕೊಂಡ ಮೇಲೆ ಹೊಸ ರಾಜಧಾನಿ ತೀರ್ಥಕ್ಷೇತ್ರವೂ ಆಯಿತು.

ಅವನ ಮಗ ಒಂದನೆಯ ಕಾರ್ಲೊ ಎಮಾನುಯೆಲೆ ಐವತ್ತು ವರ್ಷ ಆಳಿದ. ಆ ಐವತ್ತು ವರ್ಷವೂ ಆಸೆಗೂ ಕೈಲಾಗುವುದಕ್ಕೂ ನಡುವಣ ಅಂತರದ ಕತೆ. ಸಲುತ್ಸೊ ಎಂಬ ಫ್ರೆಂಚ್ ಹಿಡಿತದ ಸೀಮೆಯನ್ನು ಆಕ್ರಮಿಸಿ, ಅದನ್ನು ಉಳಿಸಿಕೊಳ್ಳಲು 1601ರ ಲಿಯೋಂ ಒಪ್ಪಂದದಲ್ಲಿ ಪರ್ವತದ ಪಶ್ಚಿಮದ ಬ್ರೆಸ್, ಬ್ಯೂಜೆ ಮುಂತಾದ ಸೀಮೆಗಳನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟದ್ದು ಮಾತ್ರ ತಂದೆ ಹಿಡಿದ ಪೂರ್ವಮುಖಿ ದಾರಿಗೆ ಹೊಂದುವ ವಿನಿಮಯ. ಮರುವರ್ಷದ ಡಿಸೆಂಬರಿನ ನಡುರಾತ್ರಿ ಅವನ ಸೈನಿಕರು ಏಣಿ ಹಾಕಿ ಜಿನೀವಾ ನಗರದ ಗೋಡೆ ಹತ್ತಿ, ಎಚ್ಚೆತ್ತ ಊರವರಿಂದ ಏಟು ತಿಂದು ಓಡಿದರು. ಸೈನಿಕರ ತಲೆಯ ಮೇಲೆ ಬಿಸಿ ಸಾರಿನ ಹಂಡೆ ಸುರಿದಳೆಂದು ಹೇಳಲಾಗುವ ಹೆಂಗಸಿನ ನೆನಪಿಗೆ ಜಿನೀವಾದವರು ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಚಾಕೊಲೇಟಿನ ಹಂಡೆಗಳನ್ನು ಒಡೆದು ತಿನ್ನುತ್ತಾರೆ. ಮುಂದಿನ ಡ್ಯೂಕ್ 1632ರಲ್ಲಿ ತನ್ನನ್ನು ಸೈಪ್ರಸ್ಸಿನ ರಾಜನೆಂದು ಘೋಷಿಸಿಕೊಂಡ. ಹದಿನೈದನೆಯ ಶತಮಾನದ ಮದುವೆಯೊಂದರಿಂದ ಬಂದ ಈ ಹಕ್ಕನ್ನು ಟರ್ಕಿಯವರು ದ್ವೀಪವನ್ನು ವಶಪಡಿಸಿಕೊಂಡು ಅರವತ್ತು ವರ್ಷವಾದ ಮೇಲೆ ಚಲಾಯಿಸಿದ್ದು ತಮಾಷೆಯಾಗಿ ಕಂಡರೂ, ರಾಜ ಎಂಬ ಬಿರುದಿಲ್ಲದವನಿಗೆ ಯುರೋಪಿನ ಸಂಧಾನಗಳಲ್ಲಿ ಕೆಳಗಿನ ಆಸನವೇ ಗತಿಯಾಗಿದ್ದ ಕಾಲದಲ್ಲಿ ಅದರ ಹಿಂದಿನ ಹಸಿವು ನಿಜವಾದದ್ದೇ.

ಆ ಹಸಿವನ್ನು ತಣಿಸಿದವನು ಎರಡನೆಯ ವಿತ್ತೋರಿಯೊ ಅಮೆದೆಯೊ. ಒಂಬತ್ತನೆಯ ವಯಸ್ಸಿಗೇ ಡ್ಯೂಕನಾದ ಇವನ ಪರವಾಗಿ ತಾಯಿ ಆಳುತ್ತಿದ್ದಳು; ಮಗನನ್ನು ಪೋರ್ಚುಗಲ್ಲಿನ ರಾಜಕುಮಾರಿಗೆ ಕೊಟ್ಟು ಲಿಸ್ಬನ್ನಿಗೆ ಕಳಿಸಿ ಅಧಿಕಾರ ತನ್ನಲ್ಲೇ ಉಳಿಸಿಕೊಳ್ಳುವ ಅವಳ ಯೋಜನೆ ಮುರಿದುಬಿದ್ದು, 1684ರಲ್ಲಿ ಹುಡುಗ ತಾಯಿಯನ್ನು ಬದಿಗೆ ಸರಿಸಿದ. ಅವನಿಗೆ ಸಿಕ್ಕ ರಾಜ್ಯ ಹೆಸರಿಗೆ ಸ್ವತಂತ್ರ, ವಾಸ್ತವದಲ್ಲಿ ಹದಿನಾಲ್ಕನೆಯ ಲೂಯಿಯ ಅಂಕೆಯಲ್ಲಿದ್ದದ್ದು. ಟ್ಯೂರಿನ್‌ಗೆ ಒಂದು ದಿನದ ದಾರಿಯಲ್ಲಿದ್ದ ಪಿನೆರೋಲೊ ಕೋಟೆಯಲ್ಲಿ ಫ್ರೆಂಚ್ ದಂಡಿತ್ತು. ಡ್ಯೂಕನ ಹೆಂಡತಿ ಲೂಯಿಯ ತಮ್ಮನ ಮಗಳು. ಪೀಡ್‌ಮಾಂಟ್‌ನ ಬೆಟ್ಟಗಳಲ್ಲಿದ್ದ ವಾಲ್ಡೆನ್ಸಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡವನ್ನು ಒಕ್ಕಲೆಬ್ಬಿಸಬೇಕೆಂದು 1686ರಲ್ಲಿ ಲೂಯಿ ಹೇಳಿದಾಗ ಅವನು ತನ್ನ ಪ್ರಜೆಗಳ ಮೇಲೆಯೇ ಸೈನ್ಯ ನಡೆಸಿದ. ಫ್ರಾನ್ಸಿನಲ್ಲಿ ಆಗ ಸುಮಾರು 2 ಕೋಟಿ ಜನ. ಡ್ಯೂಕನ ಪ್ರಜೆಗಳು ಅದರ ಹತ್ತನೆಯ ಒಂದು ಪಾಲೂ ಇರಲಿಲ್ಲ.

1690ರಲ್ಲಿ ಅವನು ಲೂಯಿಯ ವಿರೋಧಿಗಳ ಕೂಟ ಸೇರಿ ಇಂಗ್ಲೆಂಡ್ ಹಾಗೂ ಹಾಲೆಂಡುಗಳಿಂದ ಸೇನೆಯ ಖರ್ಚಿಗೆ ಹಣ ಪಡೆದ. ರಣರಂಗದಲ್ಲಿ ಸೋತದ್ದೇ ಹೆಚ್ಚು. ಆದರೂ 1696ರಲ್ಲಿ, ಮಿತ್ರರಿಗೆ ತಿಳಿಸದೆ, ಲೂಯಿಯೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಪಿನೆರೋಲೊವನ್ನು ವಾಪಸು ಪಡೆದ. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಮುಂದಿನ ದೊಡ್ಡ ಯುದ್ಧದಲ್ಲಿ ಅವನು ಮೊದಲು ಫ್ರಾನ್ಸಿನ ಪಕ್ಷ; ಹಿರಿಯ ಮಗಳನ್ನು ಲೂಯಿಯ ಮೊಮ್ಮಗನಿಗೂ, ಕಿರಿಯ ಮಗಳನ್ನು ಸ್ಪೇನಿನ ಹೊಸ ರಾಜನಾದ ಇನ್ನೊಬ್ಬ ಮೊಮ್ಮಗನಿಗೂ ಕೊಟ್ಟಾಗಿತ್ತು. ಹೀಗಿದ್ದೂ 1703ರಲ್ಲಿ ಇಬ್ಬರು ಅಳಿಯಂದಿರ ವಿರುದ್ಧವೇ ಆಸ್ಟ್ರಿಯಾದ ಚಕ್ರವರ್ತಿಯ ಕಡೆ ವಾಲಿದ. ಮಿಲಾನಿನಲ್ಲೂ ಫ್ರಾನ್ಸಿನಲ್ಲೂ ಒಂದೇ ಮನೆತನ ಕೂತರೆ ಬಾಗಿಲಿಗೆ ಬೆಲೆಯೇ ಉಳಿಯುವುದಿಲ್ಲ ಎಂಬ ಅವನ ಲೆಕ್ಕ ತಪ್ಪಾಗಿರಲಿಲ್ಲ. ಸುಳಿವು ಸಿಕ್ಕ ಫ್ರೆಂಚರು ತಮ್ಮ ಶಿಬಿರದಲ್ಲಿದ್ದ ಅವನ ಸೈನಿಕರ ಆಯುಧ ಕಸಿದು ಸೆರೆಹಿಡಿದರು, ಒಂದೊಂದಾಗಿ ಅವನ ಕೋಟೆಗಳನ್ನು ಹಿಡಿಯುತ್ತ ಬಂದು 1706ರ ಬೇಸಗೆಯಲ್ಲಿ ಟ್ಯೂರಿನ್‌ಗೇ ಮುತ್ತಿಗೆ ಹಾಕಿದರು.

ಆ ಮುತ್ತಿಗೆ ಅರ್ಧ ನೆಲದ ಮೇಲೆ, ಅರ್ಧ ನೆಲದೊಳಗೆ ನಡೆಯಿತು. ಎಮಾನುಯೆಲೆ ಫಿಲಿಬೆರ್ತೊ ಕಟ್ಟಿಸಿದ್ದ ದುರ್ಗದ ಅಡಿಯಿಂದ ಹೊರಗಿನ ಬಯಲಿನತ್ತ ಮೈಲುಗಟ್ಟಲೆ ಸುರಂಗಗಳನ್ನು ತೋಡಲಾಗಿತ್ತು. ಮೇಲೆ ಫ್ರೆಂಚರು ಫಿರಂಗಿ ನಿಲ್ಲಿಸಿದ ಜಾಗದ ಸರಿಕೆಳಗೆ ಮದ್ದಿನ ಪೀಪಾಯಿ ಇಟ್ಟು ಸಿಡಿಸುವುದು ಅಲ್ಲಿನ ಕೆಲಸಗಾರರ ಕಾಯಕ. ಆಗಸ್ಟ್ 29ರ ರಾತ್ರಿ ಕೆಲವು ಫ್ರೆಂಚ್ ಸೈನಿಕರು ಒಂದು ಸುರಂಗದ ಬಾಯಿ ಕಂಡುಹಿಡಿದು ಒಳನುಗ್ಗಿ ಕೆಳಗಿನ ಹಂತದ ಬಾಗಿಲನ್ನು ಒಡೆಯತೊಡಗಿದಾಗ, ಅಲ್ಲಿದ್ದ ಪಿಯೆತ್ರೊ ಮಿಕ್ಕ ಎಂಬ ಕೆಲಸಗಾರ ಜೊತೆಗಾರನನ್ನು ಆಚೆಗೆ ಕಳಿಸಿ, ಉದ್ದದ ಬತ್ತಿ ಉರಿಯಲು ವೇಳೆಯಿಲ್ಲವೆಂದು ಗಿಡ್ಡ ಬತ್ತಿಗೇ ಬೆಂಕಿ ಇಟ್ಟ. ಮೆಟ್ಟಿಲುಗಳೊಂದಿಗೆ ನುಗ್ಗಿದವರೂ ಅವನೂ ಹೋದರು. ಅವನ ವಿಧವೆಗೆ ಸರಕಾರ ಜೀವಮಾನವಿಡೀ ದಿನಕ್ಕೆ ಎರಡು ಪಡಿ ರೊಟ್ಟಿ ಗೊತ್ತುಮಾಡಿತು. ಅವನನ್ನು ದೇಶಭಕ್ತನೆಂದು ಪುತ್ಥಳಿಗಳಲ್ಲಿ ನಿಲ್ಲಿಸಿದ್ದು ಹತ್ತೊಂಬತ್ತನೆಯ ಶತಮಾನ, ಆ ಹೊತ್ತಿಗೆ ರಾಜ್ಯಕ್ಕೆ ಅಂಥ ವೀರರ ಅಗತ್ಯ ಬಿದ್ದಿತ್ತು. ಕೆಲವೇ ದಿನಗಳಲ್ಲಿ ಡ್ಯೂಕನ ಸಂಬಂಧಿಯೂ ಆಸ್ಟ್ರಿಯಾದ ಸೇನಾನಿಯೂ ಆದ ಪ್ರಿನ್ಸ್ ಯೂಜೀನ್ ನೆರವಿನ ಸೈನ್ಯದೊಂದಿಗೆ ಬಂದ. ಸೂಪೆರ್ಗ ಬೆಟ್ಟದ ನೆತ್ತಿಯಿಂದ ಶತ್ರುವಿನ ಸಾಲುಗಳನ್ನು ಇಬ್ಬರೂ ಪರಿಶೀಲಿಸಿ, ಸೆಪ್ಟೆಂಬರ್ 7ರಂದು ಮುತ್ತಿಗೆಯನ್ನು ಮುರಿದರು.

1713ರ ಉಟ್ರೆಕ್ಟ್ ಒಪ್ಪಂದದಲ್ಲಿ ವಿತ್ತೋರಿಯೊ ಅಮೆದೆಯೊನಿಗೆ ಸಿಸಿಲಿ ದ್ವೀಪ ದೊರೆತು, ಅದರ ಜೊತೆಗೆ ರಾಜ ಎಂಬ ಬಿರುದೂ ದೊರೆಯಿತು. ಏಳು ವರ್ಷದಲ್ಲೇ ಬಲಿಷ್ಠರು ಸಿಸಿಲಿಯನ್ನು ಕಿತ್ತುಕೊಂಡು ಬದಲಿಗೆ ಬಡ ಸಾರ್ಡಿನಿಯಾವನ್ನು ಕೊಟ್ಟರು. ಅವನಿಗೆ ಅದು ಇಷ್ಟವಿರಲಿಲ್ಲ, ಆದರೆ ಬಿರುದು ಕೈಬಿಡಲಿಲ್ಲ. ಟ್ಯೂರಿನ್‌ನಿಂದ ಆಳುವ, ಫ್ರೆಂಚ್ ಮಾತಾಡುವ ಬೆಟ್ಟದ ಮನೆತನ ಸಾರ್ಡಿನಿಯಾದ ರಾಜಮನೆತನವಾದದ್ದು ಹೀಗೆ.

ಕಿರೀಟಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು ಅವನು ಕಟ್ಟಿದ ಕಚೇರಿ. ಎರಡು ಯುದ್ಧಗಳ ನಡುವಿನ ಬಿಡುವಿನಲ್ಲಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಪೀಡ್‌ಮಾಂಟ್‌ನ ಭೂಮಿಯನ್ನೆಲ್ಲ ಅಳೆದು ಕಂದಾಯವನ್ನು ಸಮಗೊಳಿಸುವ ಕೆಲಸ ಆರಂಭವಾಗಿತ್ತು. ಅದು ಮುಗಿದು ಜಾರಿಗೆ ಬಂದದ್ದು 1731ರಲ್ಲಿ. 1728ರಿಂದ 1738ರವರೆಗೆ ಸವಾಯ್ ಸೀಮೆಯಲ್ಲಿ ನಡೆದ ಅಳತೆ ಇನ್ನೂ ವಿಸ್ತಾರವಾದದ್ದು. ಮೋಜಣಿದಾರರು ಊರೂರಿಗೆ ಹೋಗಿ, ಸ್ಥಳೀಯ ತಿಳಿವಳಿಕಸ್ಥರನ್ನು ಜೊತೆಗಿಟ್ಟುಕೊಂಡು, ಪ್ರತಿ ಊರಿಗೂ ದೊಡ್ಡ ಬಣ್ಣದ ನಕ್ಷೆ ಬರೆದರು. ಒಂದೊಂದು ತುಂಡು ಹೊಲಕ್ಕೂ, ಹುಲ್ಲುಗಾವಲಿಗೂ, ಕಾಡಿಗೂ ಸಂಖ್ಯೆ ಕೊಟ್ಟು, ಜೊತೆಯ ದಫ್ತರಿನಲ್ಲಿ ಅದರ ಒಡೆಯ, ವಿಸ್ತೀರ್ಣ, ಮಣ್ಣಿನ ದರ್ಜೆ, ಅಂದಾಜು ಉತ್ಪತ್ತಿಗಳನ್ನು ದಾಖಲಿಸಿದರು. ಸರ್ವೆ ನಂಬರು, ಪಹಣಿಗಳ ಕನ್ನಡ ಓದುಗರಿಗೆ ಇದು ಹೊಸದೆನಿಸದಿರಬಹುದು, ಆದರೆ ಇಡೀ ಸೀಮೆಯೊಂದನ್ನು ಹೀಗೆ ನಕ್ಷೆಯ ಮೇಲೆ ಇಳಿಸಿದ ಉದಾಹರಣೆ ಅಂದಿನ ಯುರೋಪಿನಲ್ಲಿ ತೀರ ವಿರಳ. ಫ್ರಾನ್ಸ್ ಇಂಥದಕ್ಕೆ ನೆಪೋಲಿಯನ್ನನ ಕಾಲದವರೆಗೆ ಕಾಯಬೇಕಾಯಿತು. ಯಾವ ಭೂಮಿ ನಿಜವಾಗಿಯೂ ಚರ್ಚಿನ ಅಥವಾ ಕುಲೀನರ ವಿನಾಯಿತಿಯದು, ಯಾವುದು ಸುಳ್ಳು ಹೇಳಿ ತೆರಿಗೆ ತಪ್ಪಿಸಿಕೊಂಡದ್ದು ಎಂಬುದು ಕಾಗದದ ಮೇಲೆ ಬಯಲಾಯಿತು. ದಾಖಲೆಯಿಲ್ಲದೆ ಅನುಭವಿಸುತ್ತಿದ್ದ ಉಂಬಳಿಗಳನ್ನು ರಾಜ 1720ರಲ್ಲಿ ವಾಪಸು ಪಡೆದು, ಅವನ್ನು ವಕೀಲರು, ಲೇವಾದೇವಿಗಾರರು, ಅಧಿಕಾರಿಗಳು ಮುಂತಾದ ಹೊಸಬರಿಗೆ ಬಿರುದಿನ ಸಮೇತ ಮಾರಿದಾಗ, ಹಳೆಯ ಕುಲೀನರು ಹಲ್ಲು ಕಡಿದರು, ಖಜಾನೆ ತುಂಬಿತು, ರಾಜನಿಗೇ ಋಣಿಯಾದ ಹೊಸ ಕುಲೀನ ವರ್ಗವೂ ಸಿಕ್ಕಿತು. ಟ್ಯೂರಿನ್ ವಿಶ್ವವಿದ್ಯಾಲಯವನ್ನು ಅದೇ ಕಾಲದಲ್ಲಿ ಪುನಾರಚಿಸಿದ್ದರ ಮುಖ್ಯ ಉದ್ದೇಶವೂ ಕಚೇರಿಗಳಿಗೆ ಕಾನೂನು ಬಲ್ಲವರನ್ನು ಒದಗಿಸುವುದೇ ಆಗಿತ್ತು.

ಈ ಕಚೇರಿ ಕೊನೆಗೆ ಕಟ್ಟಿದವನನ್ನೂ ಬಿಡಲಿಲ್ಲ. 1730ರಲ್ಲಿ ಸಿಂಹಾಸನವನ್ನು ಮಗನಿಗೆ ಬಿಟ್ಟು ಹೊಸ ಹೆಂಡತಿಯೊಡನೆ ಶಾಂಬೆರಿಗೆ ಹೋದ ರಾಜ ಒಂದೇ ವರ್ಷದಲ್ಲಿ ಅಧಿಕಾರ ಮರಳಿ ಬೇಕೆಂದ. ಮಂತ್ರಿಗಳು ಹೊಸ ರಾಜನ ಜೊತೆ ನಿಂತು, ಮುದುಕನನ್ನು ನಡುರಾತ್ರಿ ಹಾಸಿಗೆಯಿಂದಲೇ ಎತ್ತಿ ಬಂಧಿಸಿದರು. ಅವನು ಸೆರೆಯಲ್ಲೇ 1732ರಲ್ಲಿ ತೀರಿಕೊಂಡ.

ಈ ರಾಜ್ಯದ ಹಣದ ಬೇರುಗಳಲ್ಲಿ ಒಂದು ರೇಷ್ಮೆ. ಹಾಸಿನ ನೂಲಾಗಿ ಬಳಸುವ, ಗಟ್ಟಿಯಾಗಿ ಹುರಿಗೊಳಿಸಿದ ಆರ್ಗಾಂಝಿನ್ ಎಂಬ ಪೀಡ್‌ಮಾಂಟ್ ರೇಷ್ಮೆ ಲಿಯೋಂ ಮತ್ತು ಲಂಡನ್ನಿನ ನೇಕಾರರಿಗೆ ಇಲ್ಲದೆ ಆಗುತ್ತಿರಲಿಲ್ಲ. ಗೂಡಿನಿಂದ ನೂಲು ಬಿಚ್ಚುವಾಗ ಎಳೆಗಳನ್ನು ಎಷ್ಟು ಸಲ ಒಂದರ ಮೇಲೊಂದು ಹೊಸೆಯಬೇಕು, ರಾಟೆ ಹೇಗಿರಬೇಕು ಎಂಬುದನ್ನೆಲ್ಲ ಸರಕಾರವೇ ನಿಯಮ ಮಾಡಿ, ತಪ್ಪಿದವರಿಗೆ ದಂಡ ಹಾಕುತ್ತಿತ್ತು. ಈ ಬಿಚ್ಚಾಣಿಕೆಯ ಪದ್ಧತಿಗೆ ಎಷ್ಟು ಹೆಸರಿತ್ತೆಂದರೆ, ಈಸ್ಟ್ ಇಂಡಿಯಾ ಕಂಪನಿ 1770ರ ಸುಮಾರಿಗೆ ಬಂಗಾಳದ ರೇಷ್ಮೆಯನ್ನು ಸುಧಾರಿಸಲು ಹೊರಟಾಗ ಯುರೋಪಿನಿಂದ ಕುಶಲಿಗಳನ್ನು ಕರೆತಂದು ಅಲ್ಲಿ ನೆಲೆಗೊಳಿಸಲು ಯತ್ನಿಸಿದ್ದು ಪೀಡ್‌ಮಾಂಟ್ ಪದ್ಧತಿಯನ್ನೇ.

ಹದಿನೆಂಟನೆಯ ಶತಮಾನದ ಉಳಿದ ಭಾಗದಲ್ಲಿ ಹಳೆಯ ಆಟ ಮುಂದುವರಿಯಿತು. ಒಂದು ಯುದ್ಧದಲ್ಲಿ ಫ್ರಾನ್ಸಿನ ಜೊತೆ, ಇನ್ನೊಂದರಲ್ಲಿ ಆಸ್ಟ್ರಿಯಾದ ಜೊತೆ ನಿಂತು 1748ರ ಹೊತ್ತಿಗೆ ಪೂರ್ವದ ಗಡಿಯನ್ನು ಟಿಚಿನೊ ನದಿಯವರೆಗೆ ಒಯ್ದರು. 1771ರಲ್ಲಿ ಸವಾಯ್‌ನ ರೈತರಿಗೆ ಹಣ ಕೊಟ್ಟು ಜಮೀನ್ದಾರಿ ಬಾಬುಗಳಿಂದ ಬಿಡುಗಡೆ ಪಡೆಯುವ ಕಾನೂನು ಬಂತು, ಫ್ರಾನ್ಸಿನ ಕ್ರಾಂತಿಗೆ ಹದಿನೆಂಟು ವರ್ಷ ಮೊದಲು. ಕ್ರಾಂತಿಯ ಸೇನೆಗಳ ಮುಂದೆ ಮಾತ್ರ ಬಾಗಿಲು ಕಾಯುವ ಕಲೆ ಕೆಲಸಕ್ಕೆ ಬರಲಿಲ್ಲ. 1792ರಲ್ಲಿ ಸವಾಯ್ ಮತ್ತು ನೀಸ್ ಹೋದುವು. 1796ರಲ್ಲಿ ನೆಪೋಲಿಯನ್ ಕೆಲವೇ ವಾರಗಳಲ್ಲಿ ರಾಜನನ್ನು ಕದನವಿರಾಮಕ್ಕೆ ಎಳೆದ. 1798ರಲ್ಲಿ ರಾಜ ಟ್ಯೂರಿನ್ ತೊರೆದು ಸಾರ್ಡಿನಿಯಾಕ್ಕೆ ಹೋದ. ಬೇಡವೆಂದುಕೊಂಡಿದ್ದ ಆ ದ್ವೀಪ ಮನೆತನಕ್ಕೆ ಆಸರೆಯಾದದ್ದು ಆಗಲೇ.

1814ರಲ್ಲಿ ಮರಳಿದ ರಾಜ ಫ್ರೆಂಚರ ಕಾನೂನುಗಳನ್ನು ಒಂದೇ ಆಜ್ಞೆಯಿಂದ ರದ್ದುಮಾಡಿ 1770ರ ಸಂಹಿತೆಯನ್ನೇ ಮತ್ತೆ ತಂದ. ಫ್ರಾನ್ಸಿಗೆ ಗಟ್ಟಿ ತಡೆಯೊಂದು ಬೇಕೆಂದು ವಿಯೆನ್ನಾ ಸಮ್ಮೇಳನದ ಬಲಿಷ್ಠರು ಶತಮಾನಗಳ ಕಾಲ ಗಣರಾಜ್ಯವಾಗಿದ್ದ ಜಿನೋವಾವನ್ನು ಅದರ ಬಂದರಿನ ಸಮೇತ, ಅಲ್ಲಿನವರನ್ನು ಕೇಳದೆ, ಈ ರಾಜನಿಗೆ ಕೊಟ್ಟರು. ಈ ಉಡುಗೊರೆಯ ಜೊತೆಗೆ ರಾಜದ್ವೇಷವೂ ಬಂತು: ಮ್ಯಾಝಿನಿ ಹುಟ್ಟಿದ್ದು ಜಿನೋವಾದಲ್ಲಿ. ಗ್ಯಾರಿಬಾಲ್ಡಿ ನೀಸಿನವನು. ಇಟಲಿಯನ್ನು ಒಂದುಗೂಡಿಸಿದರೆಂದು ಈ ರಾಜಮನೆತನದ ಜೊತೆಗೇ ಸ್ಮರಿಸಲಾಗುವ ಈ ಇಬ್ಬರಿಗೂ 1830ರ ದಶಕದಲ್ಲಿ ಇದೇ ರಾಜ್ಯದ ನ್ಯಾಯಾಲಯಗಳು, ಅವರ ಗೈರುಹಾಜರಿಯಲ್ಲಿ, ಮರಣದಂಡನೆ ವಿಧಿಸಿದ್ದುವು.

1848ರ ಮಾರ್ಚ್ 4ರಂದು ಕಾರ್ಲೊ ಅಲ್ಬೆರ್ತೊ ರಾಜ ತನ್ನ ಪ್ರಜೆಗಳಿಗೆ ಸಂವಿಧಾನ ಕೊಟ್ಟ. ಯುರೋಪಿನಾದ್ಯಂತ ದಂಗೆಗಳೆದ್ದಿದ್ದ ಆ ವರ್ಷ ಇಟಲಿಯ ಹಲವು ಅರಸರು ಹೀಗೆ ಕೊಟ್ಟು, ಆಮೇಲೆ ಕಿತ್ತುಕೊಂಡರು; ಟ್ಯೂರಿನ್‌ನಲ್ಲಿ ಮಾತ್ರ ಅದು ಉಳಿಯಿತು. ಆಸ್ಟ್ರಿಯಾದ ವಿರುದ್ಧ ಕಾರ್ಲೊ ಅಲ್ಬೆರ್ತೊ ಹೂಡಿದ ಯುದ್ಧ ಕುಸ್ತೋಝದಲ್ಲಿ, ಮರುವರ್ಷ ನೊವಾರದಲ್ಲಿ ಸೋಲಾಗಿ ಮುಗಿದು, ಅವನು ಅದೇ ರಾತ್ರಿ ಕಿರೀಟ ತ್ಯಜಿಸಿ ಪೋರ್ಚುಗಲ್ಲಿಗೆ ಹೋಗಿ ಕೆಲವೇ ತಿಂಗಳಲ್ಲಿ ಸತ್ತ. ಪಠ್ಯಗಳಲ್ಲಿ ವಿಕ್ಟರ್ ಇಮ್ಯಾನುಯೆಲ್ ಎಂದು ಪರಿಚಿತನಾದ ಅವನ ಮಗ ಎರಡನೆಯ ವಿತ್ತೋರಿಯೊ ಎಮಾನುಯೆಲೆ ಸಂವಿಧಾನವನ್ನು ಉಳಿಸಿಕೊಂಡದ್ದರಿಂದ, ಬೇರೆ ಕಡೆಗಳಿಂದ ಓಡಿಬಂದ ಇಟಾಲಿಯನ್ ದೇಶಭ್ರಷ್ಟರು ಸಾವಿರಗಟ್ಟಲೆ ಟ್ಯೂರಿನ್ ಸೇರಿ, ಪತ್ರಿಕೆ ಹೊರಡಿಸುತ್ತ, ವಿಶ್ವವಿದ್ಯಾಲಯದಲ್ಲಿ ಕಲಿಸುತ್ತ, ಈ ಗಡಿನಾಡಿನ ರಾಜ್ಯಕ್ಕೆ ಇಟಲಿಯ ಮುಖ ಕೊಟ್ಟರು. ಯುದ್ಧದ ಸೋಲಿಗಿಂತ ಈ ಗಳಿಕೆ ದೊಡ್ಡದು.

1852ರಲ್ಲಿ ಪ್ರಧಾನಿಯಾದ ಕವೂರ್ ಮನೆತನದ ಹಳೆಯ ವಿದ್ಯೆಯನ್ನು ಹೊಸ ಕಾಲಕ್ಕೆ ಒಗ್ಗಿಸಿದವನು. ಇಟಾಲಿಯನ್ನಿಗಿಂತ ಫ್ರೆಂಚಿನಲ್ಲೇ ಸಲೀಸಾಗಿ ಬರೆಯುತ್ತಿದ್ದ ಅವನು ದಕ್ಷಿಣ ಇಟಲಿಯನ್ನು ಎಂದೂ ಕಂಡವನಲ್ಲ. ಟ್ಯೂರಿನ್‌ನಿಂದ ಜಿನೋವಾ ಬಂದರಿನವರೆಗಿನ ರೈಲುದಾರಿ 1853ರಲ್ಲಿ ಮುಗಿಯಿತು; 1859ರ ಹೊತ್ತಿಗೆ ರಾಜ್ಯದಲ್ಲಿ 800 ಕಿ.ಮೀ.ಗೂ ಹೆಚ್ಚು ರೈಲುಮಾರ್ಗವಿತ್ತು, ಅಷ್ಟು ಇಟಲಿಯ ಬೇರಾವ ರಾಜ್ಯದಲ್ಲೂ ಇರಲಿಲ್ಲ. ತಮಗೆ ಸಂಬಂಧವೇ ಇಲ್ಲದ ಕ್ರಿಮಿಯಾ ಯುದ್ಧಕ್ಕೆ 1855ರಲ್ಲಿ ಸುಮಾರು 15,000 ಸೈನಿಕರನ್ನು ಕಳಿಸಿದ್ದು ಬ್ರಿಟನ್ ಹಾಗೂ ಫ್ರಾನ್ಸುಗಳ ಪಕ್ಕದಲ್ಲಿ ಆಸನ ಸಿಗಲೆಂದು. ಅವರಲ್ಲಿ ಗುಂಡಿಗಿಂತ ಕಾಲರಾಕ್ಕೆ ಸತ್ತವರೇ ಹೆಚ್ಚು. 1858ರ ಜುಲೈಯಲ್ಲಿ ಪ್ಲೋಂಬಿಯೇರ್ ಎಂಬ ಸ್ನಾನತೀರ್ಥದ ಊರಿನಲ್ಲಿ ಕವೂರ್ ಮತ್ತು ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ ಗುಟ್ಟಾಗಿ ಭೇಟಿಯಾಗಿ, ಆಸ್ಟ್ರಿಯಾವನ್ನು ಉತ್ತರ ಇಟಲಿಯಿಂದ ಹೊರಹಾಕಲು ಫ್ರಾನ್ಸ್ ನೆರವಾಗುವುದು, ಪ್ರತಿಯಾಗಿ ಸವಾಯ್ ಸೀಮೆಯನ್ನು ಪಡೆಯುವುದು ಎಂಬ ತಿಳಿವಳಿಕೆಗೆ ಬಂದರು. ರಾಜನ ಹದಿನೈದರ ಮಗಳು ಕ್ಲೊತಿಲ್ದೆಯನ್ನು ಚಕ್ರವರ್ತಿಯ ನಡುವಯಸ್ಸಿನ ದಾಯಾದಿಗೆ ಕೊಡುವುದೂ ಮಾತಿನ ಭಾಗವಾಗಿತ್ತು.

1859ರ ಜೂನಿನಲ್ಲಿ ಮಜೆಂಟ, ಸೊಲ್ಫೆರಿನೊ ಕದನಗಳಲ್ಲಿ ಆಸ್ಟ್ರಿಯಾ ಸೋತು ಲೊಂಬಾರ್ಡಿ ದೊರೆಯಿತು. ಮಧ್ಯ ಇಟಲಿಯ ಡಚಿಗಳು ಜನಮತದ ಮೂಲಕ ಸೇರಿಕೊಂಡುವು. ಫ್ರಾನ್ಸ್ ತನ್ನ ಬಾಕಿ ಕೇಳಿತು. 1860ರ ಮಾರ್ಚ್ 24ರ ಒಪ್ಪಂದದಲ್ಲಿ ಸವಾಯ್ ಮತ್ತು ನೀಸ್ ಎರಡನ್ನೂ ಬಿಟ್ಟುಕೊಡಲಾಯಿತು, ಏಪ್ರಿಲಿನ ಜನಮತದಲ್ಲಿ ಸವಾಯ್‌ನವರು 1,30,533 ಮತಗಳಿಂದ ಒಪ್ಪಿಗೆ ಕೊಟ್ಟರು. ವಿರುದ್ಧ ಬಿದ್ದವು 235. ಅಂಥ ಅಂತರವನ್ನು ಯಾರೂ ಸಹಜವೆಂದು ನಂಬಬೇಕಾಗಿಲ್ಲ, ಆದರೂ ಟ್ಯೂರಿನ್ ಇಟಲಿಯತ್ತ ಮುಖ ಮಾಡಿದಂದಿನಿಂದ ಫ್ರೆಂಚ್ ಮಾತಾಡುವ ಬೆಟ್ಟದವರಿಗೆ ಅಲ್ಲಿ ಪರಕೀಯರಾದೆವೆಂಬ ಭಾವನೆ ಇದ್ದುದು ನಿಜ. ಹೀಗೆ ಮನೆತನ ತನಗೆ ಹೆಸರು ಕೊಟ್ಟ ಸೀಮೆಯನ್ನೂ, ಪೂರ್ವಜರ ಸಮಾಧಿಗಳಿದ್ದ ಓಟ್‌ಕೊಂಬ್ ಮಠವನ್ನೂ, ಘಾಟಿಗಳ ಪಶ್ಚಿಮದ ಇಳಿಜಾರನ್ನೂ ಮಾರಿತು. 1857ರಲ್ಲಿ ಸವಾಯ್‌ನಿಂದ ಪೀಡ್‌ಮಾಂಟ್‌ಗೆ ಪರ್ವತದ ಅಡಿಯಲ್ಲಿ ಕೊರೆಯಲು ತೊಡಗಿದ ಸುಮಾರು 13 ಕಿ.ಮೀ. ಉದ್ದದ ರೈಲು ಸುರಂಗ ಆರಂಭವಾದಾಗ ಒಂದೇ ರಾಜ್ಯದ ಒಳಗಿನ ಕಾಮಗಾರಿ. 1871ರಲ್ಲಿ ತೆರೆದಾಗ ಅದು ಎರಡು ದೇಶಗಳ ನಡುವಿನ ದಾರಿಯಾಗಿತ್ತು. ಲಂಡನ್ನಿನಿಂದ ಭಾರತಕ್ಕೆ ಹೊರಟ ಅಂಚೆಚೀಲಗಳು ಅನಂತರ ದಶಕಗಳ ಕಾಲ ಇದೇ ಸುರಂಗ ಹಾಯ್ದು, ಇಟಲಿಯ ತುದಿಯ ಬ್ರಿಂಡಿಸಿ ಬಂದರಿನಲ್ಲಿ ಹಡಗು ಹತ್ತುತ್ತಿದ್ದುವು.

ನೀಸನ್ನು ಮಾರಿದ್ದಕ್ಕೆ ಕವೂರನನ್ನು ಎಂದೂ ಕ್ಷಮಿಸದ ಗ್ಯಾರಿಬಾಲ್ಡಿ 1860ರ ಮೇ ತಿಂಗಳಲ್ಲಿ ಸುಮಾರು ಸಾವಿರ ಮಂದಿ ಸ್ವಯಂಸೇವಕರೊಡನೆ ಸಿಸಿಲಿಯಲ್ಲಿ ಇಳಿದು, ಬೇಸಗೆ ಮುಗಿಯುವ ಹೊತ್ತಿಗೆ ದಕ್ಷಿಣ ಇಟಲಿಯ ಬಹುಭಾಗವನ್ನು ಗೆದ್ದು, ಅಕ್ಟೋಬರಿನಲ್ಲಿ ಅದನ್ನು ರಾಜನ ಕೈಗಿತ್ತ. 1861ರ ಮಾರ್ಚ್ 17ರಂದು ವಿತ್ತೋರಿಯೊ ಎಮಾನುಯೆಲೆ ಇಟಲಿಯ ರಾಜನೆಂದು ಘೋಷಿತನಾದ. ಹೊಸ ರಾಜ್ಯಕ್ಕೆ ಮೊದಲ ರಾಜನಾದರೂ ಅವನು ತನ್ನ ಹೆಸರಿನ ‘ಎರಡನೆಯ’ ಎಂಬುದನ್ನು ಬಿಡಲಿಲ್ಲ. ಇಟಲಿಯ ಮೊದಲ ಸಂಸತ್ತಿಗೂ, ಸಾರ್ಡಿನಿಯಾದ ಸಂಸತ್ತಿನ ಲೆಕ್ಕ ಮುಂದುವರಿಸಿ, ಎಂಟನೆಯದೆಂದೇ ಎಣಿಕೆ ಕೊಟ್ಟರು. ಪೀಡ್‌ಮಾಂಟ್‌ನ ಸಂವಿಧಾನ, ಕಡ್ಡಾಯ ಸೈನಿಕ ಸೇವೆ, ಟ್ಯೂರಿನ್‌ನಿಂದ ನೇಮಕವಾಗುವ ಜಿಲ್ಲಾಧಿಕಾರಿಗಳ ವ್ಯವಸ್ಥೆ ಇವೆಲ್ಲ ಸಿಸಿಲಿಯ ತುದಿಯವರೆಗೆ ವಿಸ್ತರಿಸಿದುವು. ಯುದ್ಧಗಳಿಗೂ ರೈಲುಗಳಿಗೂ ಪೀಡ್‌ಮಾಂಟ್ ಮಾಡಿದ್ದ ಭಾರೀ ಸಾಲವೂ ಎಲ್ಲರ ಸಾಲವಾಯಿತು. ಹೊಸ ಸೇರ್ಪಡೆಯ ದಕ್ಷಿಣದವರು ಇದನ್ನು ಏಕೀಕರಣವೆನ್ನದೆ ಆಕ್ರಮಣವೆಂದರು, ಅಲ್ಲಿ ಎದ್ದ ದಂಗೆಗಳನ್ನು ಹತ್ತಿಕ್ಕಲು ವರ್ಷಗಟ್ಟಲೆ ದೊಡ್ಡ ಸೈನ್ಯವನ್ನೇ ಇರಿಸಬೇಕಾಯಿತು.

ಟ್ಯೂರಿನ್ ಕೂಡ ಬೆಲೆ ತೆರದೆ ಇರಲಿಲ್ಲ. 1864ರ ಸೆಪ್ಟೆಂಬರಿನಲ್ಲಿ, ಪೋಪನ ರಕ್ಷಣೆಗೆ ರೋಮಿನಲ್ಲಿದ್ದ ತನ್ನ ಸೈನ್ಯವನ್ನು ಹಿಂತೆಗೆಯಲು ಫ್ರಾನ್ಸ್ ಒಪ್ಪಿತು, ಇಟಲಿ ತನ್ನ ರಾಜಧಾನಿಯನ್ನು ಫ್ಲಾರೆನ್ಸಿಗೆ ಸಾಗಿಸಲು ಒಪ್ಪಿತು. ಸುದ್ದಿ ಹಬ್ಬಿದೊಡನೆ, ಮೂರು ಶತಮಾನ ಅರಮನೆಯನ್ನೇ ನಂಬಿ ಬದುಕಿದ್ದ ಟ್ಯೂರಿನ್‌ನ ಜನ ಬೀದಿಗಿಳಿದರು. ಸೆಪ್ಟೆಂಬರ್ 21 ಮತ್ತು 22ರಂದು ಸೈನಿಕರು ಗುಂಪುಗಳ ಮೇಲೆ ಗುಂಡು ಹಾರಿಸಿ ಹತ್ತಾರು ಮಂದಿ ಸತ್ತರು, ಮಂತ್ರಿಮಂಡಲ ಬಿತ್ತು. ಒಪ್ಪಂದ ಬದಲಾಗಲಿಲ್ಲ. 1865ರ ಫೆಬ್ರವರಿ ಮೊದಲ ವಾರದಲ್ಲಿ ರಾಜ ಟ್ಯೂರಿನ್ ಬಿಟ್ಟು ಫ್ಲಾರೆನ್ಸಿಗೆ ಹೊರಟ, ಅವನ ಹಿಂದೆಯೇ ಮಂತ್ರಾಲಯಗಳ ದಫ್ತರುಗಳೂ ಗುಮಾಸ್ತರೂ ರೈಲಿನಲ್ಲಿ ದಕ್ಷಿಣಕ್ಕೆ ಸಾಗಿದರು.